ಮೈಸೂರಿನ ರೈಲು ನಿಲ್ದಾಣ: ನಿಲ್ಲುವವರ ಪಕ್ಷದಿಂದ ಎರಡು ಮಾತು

ಕಳೆದ ತಿಂಗಳ ಒಂದು ಸಾಯಂಕಾಲ ನಾನು ಜಗಲಿಯ ಮೇಲೆ ಕುಳಿತು ಪಂಚಾಂಗವನ್ನು ತಿರುವಿಹಾಕುತ್ತಿರಲಾಗಿ, ನೆರೆಮನೆಯ ಕಬ್ಬಿನ ಬೇಸಾಯಗಾರರು ಬಂದು ಎದುರಿಗೆ ಕುಳಿತು, “ಏನ್ ಮೇಷ್ಟ್ರೇ, ಮೈಸೂರು ಟೇಸನ್ನ ಒಡ್ದಾಕ್ಬುಟ್ಟು ಹೊಸ್ದು ಕಟ್ತಾರಂತಲ್ಲ, ದಿಟವಾ?” ಎಂದು ಕೇಳಿದರು. ನಮ್ಮ ಭಾರತೀನಗರದಲ್ಲಿ ರೈಲೂ ಇಲ್ಲ, ರೈಲು ನಿಲ್ಲುವ ತಾಣವೂ ಇಲ್ಲ. ಹೊಗೆಬಂಡಿಯನ್ನು ನೋಡಬೇಕಾದರೆ ಮದ್ದೂರಿಗೋ ಮಂಡ್ಯಕ್ಕೋ ಹೋಗತಕ್ಕ ಜನ ನಾವು. ಹಾಗಿದ್ದೂ ಆ ಗೃಹಸ್ಥರ ದನಿಯಲ್ಲಿ ತಮ್ಮ ಮನೆಯ ತೊಲೆಯನ್ನೇ ಯಾರೋ ಅಲುಗಿಸುತ್ತಿರುವರೆಂಬಂಥ ಕಳವಳವಿದ್ದಿತು. “ಗುಮ್ಮಟವುಳ್ಳ ಆ ಮುಂಭಾಗವನ್ನು ಒಡೆಯುವ ಧೈರ್ಯ ಯಾರಿಗೂ ಬರಲಾರದು, ಚಿಂತಿಸಬೇಡಿ” ಎಂದು ನಾನು ಸಮಾಧಾನ ಹೇಳಿ ಕಳುಹಿಸಿದೆನು. ಆದರೆ ಅವರು ಹೋದ ಮೇಲೆ ನನಗೇ ಸಮಾಧಾನವಾಗಲಿಲ್ಲ. ಮುಂಭಾಗವನ್ನು ಹಾಗೆಯೇ ನಿಲ್ಲಿಸಿಕೊಂಡು ಹಿಂದಿನದನ್ನೆಲ್ಲ ಕಳೆದುಕೊಳ್ಳುವ ಉಪಾಯವೂ ಲೋಕದಲ್ಲಿ ಉಂಟಷ್ಟೆ. ಆದಕಾರಣ ಈ ತಿಂಗಳ ಅಂಕಣವನ್ನು ಮೈಸೂರಿನ ನಿಲ್ದಾಣಕ್ಕೆ ಮೀಸಲಿಡುವುದಕ್ಕೆ ವಾಚಕರ ಅಪ್ಪಣೆಯನ್ನು ಬೇಡುತ್ತೇನೆ.

ಮೊದಲು ಶಬ್ದವನ್ನೇ ವಿಚಾರಿಸೋಣ. ಮೇಷ್ಟರ ಚಾಳಿ, ಕ್ಷಮಿಸಬೇಕು. ‘ನಿಲ್’ ಎಂಬ ಕನ್ನಡ ಧಾತುವಿಗೆ ‘ತಾಣ’ ಎಂಬುದು ಸೇರಿ, ತಕಾರಕ್ಕೆ ದಕಾರವು ಆದೇಶವಾಗಿ ‘ನಿಲ್ದಾಣ’ವಾಯಿತು. ‘ತಾಣ’ವೆಂಬುದು ಸಂಸ್ಕೃತದ ‘ಸ್ಥಾನ’ ಶಬ್ದದ ತದ್ಭವ. ಅದರ ಮೂಲಧಾತುವಿಗೆ ವೈಯಾಕರಣರು ಹೇಳುವ ಅರ್ಥವಾದರೂ ಚಲನೆಯಿಂದ ನಿವೃತ್ತವಾಗುವುದು ಎಂದೇ. ಅಂತೂ ಕನ್ನಡದ ಕಡೆಯಿಂದ ನೋಡಿದರೂ ನಿಲ್ಲುವುದು, ಸಂಸ್ಕೃತದ ಕಡೆಯಿಂದ ನೋಡಿದರೂ ನಿಲ್ಲುವುದು. ಒಂದೇ ಪದದಲ್ಲಿ ಎರಡು ಸಲ ನಿಂತಿರುವ ಈ ಶಬ್ದವನ್ನು ಕಟ್ಟಿದವರು ಯಾರೋ ನಾನರಿಯೆ; ಅವರಿಗೆ ನಮಸ್ಕಾರ.

‘ಧಾತು’ ಎಂದೊಡನೆ ಪಾಠಶಾಲೆಯಲ್ಲಿ ಓದಿದ ನನಗೆ ಕ್ರಿಯಾಪದದ ಮೂಲವು ನೆನಪಾಗುವುದು. ನನ್ನ ಅಜ್ಜಿಗೆ ಆ ಮಾತೆಂದರೆ ಬರ. 1876ರಿಂದ 78ರ ವರೆಗೆ, ಧಾತು ಈಶ್ವರ ಸಂವತ್ಸರಗಳಲ್ಲಿ, ಮೈಸೂರು ಸೀಮೆಯನ್ನು ಹಿಡಿದ ಕ್ಷಾಮವನ್ನು ನಮ್ಮ ಕಡೆಯ ಹಿರಿಯರು ‘ಧಾತು ಬರ’ವೆಂದೇ ಕರೆಯುತ್ತಿದ್ದರು. 1871ರ ಜನಗಣತಿಯಲ್ಲಿ ಸಂಸ್ಥಾನದ ಜನಸಂಖ್ಯೆ ಸುಮಾರು 50 ಲಕ್ಷ 55 ಸಾವಿರ. 1881ರಲ್ಲಿ ಅದು 41 ಲಕ್ಷ 86 ಸಾವಿರಕ್ಕೆ ಇಳಿದಿದ್ದಿತು. ಹತ್ತು ವರ್ಷಗಳಲ್ಲಿ ಹುಟ್ಟಿದವರನ್ನೆಲ್ಲ ಕೂಡಿಕೊಂಡ ಮೇಲೂ ಎಂಟೂವರೆ ಲಕ್ಷಕ್ಕೆ ಮಿಕ್ಕು ಜನ ಕಡಮೆ! ಮನೆಗಳಲ್ಲಿ ದೀಪ ಹಚ್ಚುವವರಿಲ್ಲದೆ ಹೋದ ಊರುಗಳೆಷ್ಟೆಂಬುದನ್ನು ವಾಚಕರೇ ಊಹಿಸಿಕೊಳ್ಳಲಿ.

ಆ ಬರದಲ್ಲಿ ಧಾನ್ಯವು ಎಲ್ಲಿಯೂ ಇರಲಿಲ್ಲವೆಂದು ತಿಳಿಯಬಾರದು. ಮದರಾಸಿನ ಕಡೆಯಿಂದ ಬೆಂಗಳೂರಿನ ದಂಡಿನ ವರೆಗೆ 1864ರಲ್ಲಿಯೇ ರೈಲು ಬಂದಿದ್ದಿತು. ಹೊರಗಿನಿಂದ ತರಿಸಿದ ಧಾನ್ಯವು ಬೆಂಗಳೂರಿಗೆ ಬಂದು ಇಳಿಯುತ್ತಿದ್ದಿತು. ಅಲ್ಲಿಂದ ಮುಂದೆ, ಮದ್ದೂರು ಮಂಡ್ಯಗಳ ಕಡೆಗೆ ಅದನ್ನು ಒಯ್ಯಬೇಕಾದುದು ಎತ್ತಿನ ಗಾಡಿ. ಎತ್ತುಗಳಿಗಾದರೋ ಮೇವೂ ಇಲ್ಲ, ನೀರೂ ಇಲ್ಲ; ಅವು ಮನುಷ್ಯರಿಗಿಂತ ಮುಂಚೆಯೇ ಸತ್ತಿದ್ದವು. ಹಳಿಯಿದ್ದಲ್ಲಿಗೆ ಅನ್ನ ಬಂದಿತು, ಹಳಿ ಮುಗಿದಲ್ಲಿಗೆ ಅನ್ನವೂ ಮುಗಿಯಿತು. ಬೆಂಗಳೂರಿನಿಂದ ಮೈಸೂರಿಗೆ ರೈಲುಮಾರ್ಗವು ಬೇಕೇ ಬೇಕೆಂಬುದನ್ನು ಈ ಸಂಗತಿಯು ತೋರಿಸಿಕೊಟ್ಟಷ್ಟು ಸ್ಪಷ್ಟವಾಗಿ ಯಾವ ಇಂಜಿನಿಯರೂ ತೋರಿಸಿಕೊಡಲಾರನು. ಆ ಮಾರ್ಗದ ಮಣ್ಣಿನ ಕೆಲಸವನ್ನು ಕ್ಷಾಮಪರಿಹಾರದ ಕಾಮಗಾರಿಯಾಗಿ ಹಸಿದ ಜನರಿಂದಲೇ ಮಾಡಿಸಿದರು.

ಅಜ್ಜಿಯ ತಾತ ಆಗ ಹದಿನಾರೋ ಹದಿನೇಳೋ ವರ್ಷದ ಹುಡುಗನಂತೆ. ಶಿಂಷಾ ಹೊಳೆಯ ಈಚೆ ದಡದಲ್ಲಿ ಏರಿಗೆ ಮಣ್ಣು ಹೊತ್ತನಂತೆ. ಸಾಯಂಕಾಲ ಸಿಕ್ಕುತ್ತಿದ್ದುದರಲ್ಲಿ ಅರ್ಧವನ್ನು ತಾನು ತಿಂದು, ಅರ್ಧವನ್ನು ಸೆರಗಿಲ್ಲದ ತಾಯಿಗೆ ಒಯ್ಯುತ್ತಿದ್ದನಂತೆ. ‘ಸೆರಗಿಲ್ಲದ’ ಎಂದು ಅಜ್ಜಿ ಯಾವಾಗಲೂ ಹೇಳುತ್ತಿದ್ದಳು. ಸೀರೆಯ ಸೆರಗನ್ನೂ ಹರಿದು ಮಾರಿಕೊಂಡಿದ್ದಳೆಂದೇ, ಅಥವಾ ಅದು ಹರಿದುಹೋಗಿದ್ದಿತೆಂದೇ, ಆ ವಯಸ್ಸಿನಲ್ಲಿ ನಾನು ಕೇಳಲಿಲ್ಲ. ಈಗ ಕೇಳೋಣವೆಂದರೆ ಅಜ್ಜಿಯಿಲ್ಲ. ಮದ್ದೂರಿನಲ್ಲಿ ಗಾಡಿಯು ಸೇತುವೆಯನ್ನು ದಾಟುವಾಗಲೆಲ್ಲ ಆಕೆ ಕಿಟಕಿಯಿಂದ ಕೈಹೊರಹಾಕಿ ಒಂದು ಕಾಸನ್ನು ಎಸೆಯುತ್ತಿದ್ದಳು. ಹೊಳೆಗೆಂದು ಎಲ್ಲರೂ ಭಾವಿಸುತ್ತಿದ್ದರು. ಏರಿಗೆಂದು ನನಗೆ ಮಾತ್ರ ಹೇಳಿದ್ದಳು.

1881ರ ಮಾರ್ಚಿ 25ರಂದು ಸಂಸ್ಥಾನವು ಚಾಮರಾಜೇಂದ್ರ ಒಡೆಯರ ಕೈಗೆ ಮರಳಿತು. ದಿವಾನ್ ರಂಗಾಚಾರ್ಲು ಅವರ ಆಡಳಿತದಲ್ಲಿ, 1882ರಲ್ಲಿ, ಬೆಂಗಳೂರಿನಿಂದ ಬಂದ ಹಳಿಯು ಮೈಸೂರನ್ನು ಮುಟ್ಟಿತು. 86 ಮೈಲಿ, ಈಗಿನ ಲೆಕ್ಕದಲ್ಲಿ 138 ಕಿಲೋಮೀಟರು. ಹಳಿಗಳ ನಡುವಣ ಅಂತರ ಒಂದು ಮೀಟರು. ಆ ಮಾರ್ಗವು ಕೆಲಕಾಲ ಸದರನ್ ಮರಾಠಾ ಕಂಪೆನಿಯವರ ಆಡಳಿತದಲ್ಲಿದ್ದು, 1919ರಲ್ಲಿ ಸಂಸ್ಥಾನಕ್ಕೆ ಮರಳಿ, 1951ರಲ್ಲಿ ದಕ್ಷಿಣ ರೈಲ್ವೆಗೆ ಸೇರಿ, 2003ರಿಂದ ಹುಬ್ಬಳ್ಳಿಯಲ್ಲಿ ಮುಖ್ಯಕಚೇರಿಯುಳ್ಳ ನೈಋತ್ಯ ರೈಲ್ವೆಯದಾಗಿದೆ. ಒಡೆತನದ ಈ ಕಥೆಯಲ್ಲಿ ಗೃಹಸ್ಥರಿಗೆ ರುಚಿಯಿರಲಾರದು, ಮುಂದೆ ಹೋಗೋಣ. ರೈಲು ತಂದುದೆಲ್ಲ ಒಳ್ಳೆಯದೆಂದೂ ನಾನು ಹೇಳಲಾರೆ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದುದು ಹುಬ್ಬಳ್ಳಿಯ ಕಡೆಯ ಹಳಿಯನ್ನು ಹಿಡಿದೇ. ಧಾನ್ಯವನ್ನು ತರಬಲ್ಲ ಗಾಡಿಯು ಇಲಿಯನ್ನೂ ತರಬಲ್ಲುದು.

ನಾನು ಮೊದಲ ಬಾರಿ ಆ ನಿಲ್ದಾಣದಲ್ಲಿ ಇಳಿದುದು 1977ರ ದಸರೆಯಲ್ಲಿ, ಹನ್ನೆರಡನೆಯ ವಯಸ್ಸಿನಲ್ಲಿ, ತಂದೆಯವರ ಕೈಹಿಡಿದುಕೊಂಡು. ಮೂರನೆಯ ತರಗತಿಯನ್ನು ರೈಲ್ವೆಯವರು 1974ರಲ್ಲಿಯೇ ತೆಗೆದುಹಾಕಿದ್ದರೂ ನಮ್ಮ ಮನೆಯವರು ಇನ್ನೂ ‘ಥರ್ಡ್ ಕ್ಲಾಸು’ ಎಂದೇ ಹೇಳುತ್ತಿದ್ದರು. ಹಲಗೆಯೂ ಅದೇ ಹಲಗೆ. ಮದ್ದೂರು, ಹನಕೆರೆ, ಮಂಡ್ಯ, ಎಲಿಯೂರು, ಬ್ಯಾಡರಹಳ್ಳಿ, ಪಾಂಡವಪುರ ಎಂದು ಊರೂರಿಗೂ ನಿಲ್ಲುತ್ತ ಗಾಡಿ ಸಾಗಿತು. ಪಾಂಡವಪುರವು ಬಂದಾಗ ಎದುರಿಗೆ ಕುಳಿತಿದ್ದ ಮುದುಕರೊಬ್ಬರು ‘ಫ್ರೆಂಚ್ ರಾಕ್ಸ್ ಬಂತು’ ಎಂದು ಹಳೆಯ ಹೆಸರನ್ನೇ ಹೇಳಿ ಇಳಿದುಹೋದರು. ಶ್ರೀರಂಗಪಟ್ಟಣದಲ್ಲಿ ಕಾವೇರಿಯನ್ನು ದಾಟಿದ ಹಳಿಯು ಕೋಟೆಯ ಗೋಡೆಯನ್ನು ಸೀಳಿಕೊಂಡೇ ಒಳಹೋಗುವುದಷ್ಟೆ; ಕೋಟೆಯನ್ನು ಗೆದ್ದವರಲ್ಲಿ ಕೊನೆಯವನು ರೈಲ್ವೆ ಇಂಜಿನಿಯರು ಎಂದು ತಂದೆಯವರು ಹೇಳಿದುದು ನನಗೆ ಈಗಲೂ ನೆನಪಿದೆ. ಕಣ್ಣಿನಲ್ಲಿ ಬಿದ್ದ ಇದ್ದಲ ಕಿಡಿಯನ್ನು ಉಜ್ಜಿಕೊಳ್ಳುತ್ತಲೇ ನಾನು ಮೈಸೂರಿನಲ್ಲಿ ಇಳಿದು, ಹೊರಗೆ ಬಂದು ಹಿಂದಿರುಗಿ ನೋಡಿ, ಗುಮ್ಮಟವನ್ನು ಕಂಡು, ಅದನ್ನೇ ಅರಮನೆಯೆಂದು ತಿಳಿದೆನು. ತಂದೆಯವರು ನಗಲಿಲ್ಲ. “ಇದು ನಮ್ಮಂಥವರ ಅರಮನೆ, ಅದು ಅಲ್ಲಿದೆ” ಎಂದರು.

ಜಂಬೂಸವಾರಿಯನ್ನು ನೋಡಿ ಮರಳುವಾಗ ಜನಸಂದಣಿಯಲ್ಲಿ ತಡವಾಗಿ ರಾತ್ರಿಯ ಕೊನೆಯ ಪ್ಯಾಸೆಂಜರು ತಪ್ಪಿತು. ಛತ್ರಕ್ಕೆ ಹೋಗಲು ಕೈಯಲ್ಲಿ ಕಾಸಿರಲಿಲ್ಲ. ಪ್ಲಾಟ್‌ಫಾರಮಿನ ಮೇಲೆ ನಮ್ಮಂಥ ನೂರಾರು ಜನ ಗಂಟುಗಳನ್ನು ತಲೆಗಿಟ್ಟುಕೊಂಡು ಮಲಗಿದ್ದರು. ಕೆಂಪಂಗಿಯ ಮುದಿ ಕೂಲಿಯೊಬ್ಬನು ತನ್ನ ತಳ್ಳುಗಾಡಿಯ ಮರೆಯಲ್ಲಿದ್ದ ಬೆಂಚನ್ನು ತೋರಿಸಿ, “ಮಗೀನ ಇಲ್ಲಿ ಮಲಗ್ಸಿ ಸ್ವಾಮಿ, ಇಲ್ಲಿ ಗಾಳಿ ಬಡಿಯಾಕಿಲ್ಲ” ಎಂದನು. ಆ ರಾತ್ರಿ ನನ್ನನ್ನು ಯಾರೂ ಎಬ್ಬಿಸಲಿಲ್ಲ, ಏಕೆ ಮಲಗಿದ್ದೀಯೆಂದು ಕೇಳಲಿಲ್ಲ. ಮುಂದೆ ಮಹಾರಾಜರ ಸಂಸ್ಕೃತ ಪಾಠಶಾಲೆಗೆ ಸೇರಿದ ಮೇಲೆ ಎಷ್ಟೋ ಸಲ ಪರೀಕ್ಷೆಯ ಹಿಂದಿನ ದಿನ ಅದೇ ಪ್ಲಾಟ್‌ಫಾರಮಿನ ದೀಪದ ಕೆಳಗೆ ಕುಳಿತು ಸೂತ್ರಗಳನ್ನು ಉರುಹಚ್ಚಿದ್ದೇನೆ. ಬಾಡಿಗೆಯ ಕೋಣೆಯಲ್ಲಿ ದೀಪ ಬೇಗ ಆರುತ್ತಿದ್ದಿತು, ಇಲ್ಲಿ ಆರುತ್ತಿರಲಿಲ್ಲ.

ಒಂಟಿ ಹಳಿಯ ಕಾಲದಲ್ಲಿ ಎದುರುಗಾಡಿಯು ಬರುವ ತನಕ ಒಂದು ಗಾಡಿಯು ನಿಲ್ದಾಣದಲ್ಲಿ ಕಾಯಬೇಕಾಗಿದ್ದಿತು. ‘ಕ್ರಾಸಿಂಗ್ ಇದೆ’ ಎಂದರೆ ಸಾಕು, ಜನ ಇಳಿದು ಕೈಕಾಲು ಚಾಚುತ್ತಿದ್ದರು. ನಮ್ಮ ಮದ್ದೂರು ವಡೆಯ ಕೀರ್ತಿಗೆ ಈ ನಿಲುಗಡೆಯೇ ತಾಯಿ. 1917ರ ಹೊತ್ತಿಗೆ ಮದ್ದೂರು ನಿಲ್ದಾಣದಲ್ಲಿ ತಿಂಡಿ ಮಾರುತ್ತಿದ್ದ ರಾಮಚಂದ್ರ ಬುಧ್ಯರು, ಗಾಡಿ ಹೊರಡುವ ಅವಸರದಲ್ಲಿ ಹಿಟ್ಟನ್ನು ತಟ್ಟಿ ಚಪ್ಪಟೆಮಾಡಿ ಎಣ್ಣೆಗೆ ಬಿಟ್ಟುದರಿಂದ ಆ ವಡೆ ಹುಟ್ಟಿತೆಂದು ಜನ ಹೇಳುತ್ತಾರೆ. ಅವಸರದಿಂದ ಹುಟ್ಟಿದ ತಿಂಡಿಯು ನಿಧಾನದಿಂದ ಬಾಳಿತು. 1990ರ ದಶಕದ ಮೊದಲಲ್ಲಿ ಹಳಿಯು ಅಗಲವಾಯಿತು, ಆಮೇಲೆ ಜೋಡಿಯಾಯಿತು, ವಿದ್ಯುತ್ತೂ ಬಂದಿತು. ಕ್ರಾಸಿಂಗಿನ ಕಾಯುವಿಕೆ ಹೋಯಿತು. ವಡೆಯವನಿಗೆ ಬುಟ್ಟಿಯ ಬಟ್ಟೆಯನ್ನು ಸರಿಸುವಷ್ಟೂ ಹೊತ್ತು ಉಳಿಯಲಿಲ್ಲ. 2022ರ ನವೆಂಬರಿನಲ್ಲಿ ಆರಂಭವಾದ ಚೆನ್ನೈ–ಮೈಸೂರು ವಂದೇ ಭಾರತ್ ಗಾಡಿಯು ಮದ್ದೂರನ್ನು ಕಣ್ಣೆತ್ತಿಯೂ ನೋಡದೆ ಹೋಗುವುದು. 2023ರ ಮಾರ್ಚಿಯಲ್ಲಿ ಉದ್ಘಾಟನೆಯಾದ ದಶಪಥ ಹೆದ್ದಾರಿಯೂ ಊರನ್ನು ಬಳಸಿಕೊಂಡೇ ಹೋಗುವುದು. ವೇಗವನ್ನು ನಾನು ದೂಷಿಸುವುದಿಲ್ಲ. ಎದೆನೋವು ಬಂದವನನ್ನು ಮೈಸೂರಿಗೆ ಒಯ್ಯುವಾಗ ವೇಗವೇ ದೇವರು. ಆದರೆ ಹಾದುಹೋಗುವವರ ಅನುಕೂಲವು ಬೇರೆ, ಹತ್ತಿ ಇಳಿಯುವವರ ಅನುಕೂಲವು ಬೇರೆ ಎಂಬುದನ್ನು ಮರೆಯಬಾರದೆಂದಷ್ಟೇ ಹೇಳುತ್ತೇನೆ.

ಇನ್ನು ಭವಿಷ್ಯದ ವಿಚಾರ. ಮೈಸೂರಿನ ನಿಲ್ದಾಣವು ಊರಿನ ನಡುವೆ ಸಿಕ್ಕಿಕೊಂಡಿದೆ. ದೂರದಿಂದ ಬಂದ ಗಾಡಿಯನ್ನು ತೊಳೆಯಬೇಕು, ಅದರ ಕೆಳಗಿಳಿದು ಗಾಲಿ ಬಿರಿಗಳನ್ನು ಪರೀಕ್ಷಿಸಬೇಕು, ಮರುಪ್ರಯಾಣದ ವರೆಗೆ ಅದನ್ನು ಎಲ್ಲಿಯಾದರೂ ನಿಲ್ಲಿಸಿರಬೇಕು. ಇದಕ್ಕೆಲ್ಲ ಬೇರೆ ಬೇರೆ ಹಳಿಗಳು ಬೇಕು. ಅವಿಲ್ಲದಿದ್ದರೆ ಖಾಲಿ ಗಾಡಿಯು ಪ್ಲಾಟ್‌ಫಾರಮನ್ನು ಹಿಡಿದು ನಿಂತು, ಜನರಿರುವ ಗಾಡಿಯು ಊರ ಹೊರಗೆ ಸಿಗ್ನಲ್ಲಿಗೆ ಕಾಯಬೇಕಾಗುವುದು. ಇದನ್ನು ತಪ್ಪಿಸಲೆಂದೇ ಶ್ರೀರಂಗಪಟ್ಟಣಕ್ಕೂ ಮೈಸೂರಿಗೂ ನಡುವಣ ನಾಗನಹಳ್ಳಿಯಲ್ಲಿ 480 ಕೋಟಿ ರೂಪಾಯಿಗಳಿಗೂ ಮಿಕ್ಕ ವೆಚ್ಚದ ಕೋಚಿಂಗ್ ಸಂಕೀರ್ಣವೊಂದಕ್ಕೆ 2022ರ ಜೂನ್ 20ರಂದು ಶಂಕುಸ್ಥಾಪನೆಯಾಯಿತು. ಹತ್ತಿರದ ಊರುಗಳಿಗೆ ಓಡಾಡುವ ಮೆಮು ಗಾಡಿಗಳ ಕೊಟ್ಟಿಗೆಯೂ ಅದರಲ್ಲಿ ಸೇರಿದೆ. ಊರಿನ ಇನ್ನೊಂದು ಮಗ್ಗುಲಿನ ಅಶೋಕಪುರಂ ನಿಲ್ದಾಣವನ್ನೂ ದೊಡ್ಡದು ಮಾಡಿ ಬೆಂಗಳೂರಿನ ಕಡೆಯ ಕೆಲವು ಗಾಡಿಗಳನ್ನು ಅಲ್ಲಿಯ ವರೆಗೆ ಒಯ್ದಿದ್ದಾರೆ. ಇವೆರಡೂ ಬುದ್ಧಿವಂತಿಕೆಯ ಕೆಲಸಗಳೇ. ಅಡುಗೆಮನೆಯಲ್ಲಿಯೇ ಪಾತ್ರೆ ತೊಳೆದರೆ ಅಡುಗೆಗೆ ಸ್ಥಳವೆಲ್ಲಿ ಎಂಬುದು ಗೃಹಿಣಿಯರಿಗೆ ನಾನು ಹೇಳಿಕೊಡತಕ್ಕ ವಿಷಯವಲ್ಲ.

ನನ್ನ ಭಯವೆಲ್ಲ ಒಂದೇ. ಪಾತ್ರೆಗಳೊಡನೆ ಊಟಕ್ಕೆ ಬಂದ ಬಡನೆಂಟರನ್ನೂ ಹಿತ್ತಲಿಗೆ ಕಳುಹಿಸಿಬಿಟ್ಟರೆ? ಗುಮ್ಮಟದ ನಿಲ್ದಾಣವು ದೂರದ, ದುಬಾರಿಯ ಗಾಡಿಗಳಿಗೆ ಮೀಸಲಾಗಿ, ಮದ್ದೂರು ಮಂಡ್ಯಗಳ ಪ್ಯಾಸೆಂಜರುಗಳು ನಾಗನಹಳ್ಳಿಯಲ್ಲಿಯೇ ಮುಗಿಯತೊಡಗಿದರೆ? ಹಾಗೆ ಮಾಡುವೆವೆಂದು ಯಾರೂ ಹೇಳಿಲ್ಲ, ನಾನೂ ಆರೋಪಿಸುವುದಿಲ್ಲ. ಆದರೆ ಸ್ಥಳ ಸಾಲದೆ ಬಂದಾಗ ಮೊದಲು ಸರಿಯಬೇಕಾಗುವವನು ಕಡಮೆ ಟಿಕೆಟ್ಟಿನವನೆಂಬುದು ಅರವತ್ತು ವರ್ಷಗಳ ಅನುಭವ. ಮೈಸೂರಿಗೆ ಬರುವ ನಮ್ಮ ಕಡೆಯವರು ಯಾರು? ಆಸ್ಪತ್ರೆಗೆ ಬರುವವರು, ಕಾಲೇಜಿನ ಮಕ್ಕಳು, ಅಂಗಡಿಯಲ್ಲಿ ದುಡಿಯುವ ಹೆಣ್ಣುಮಕ್ಕಳು. ನಿಲ್ದಾಣದಿಂದ ಪೇಟೆಗೂ ದೊಡ್ಡಾಸ್ಪತ್ರೆಗೂ ಕಾಲ್ನಡಿಗೆಯಲ್ಲಿ ಹೋಗಬಹುದೆಂಬುದೇ ಅವರ ಪಾಲಿಗೆ ಆ ನಿಲ್ದಾಣದ ಬೆಲೆ. ಐದಾರು ಮೈಲಿ ಹೊರಗೆ ಇಳಿಸಿದರೆ, ಆಟೋದವನಿಗೆ ಕೊಡುವ ಹಣವು ರೈಲಿನ ಟಿಕೆಟ್ಟಿನ ಎಷ್ಟೋ ಪಟ್ಟಾಗುವುದು. ದೂರ ಹೋಗುವವನು ಹೇಗೂ ಪೆಟ್ಟಿಗೆಯೊಡನೆ ಬಾಡಿಗೆಯ ಕಾರಿನಲ್ಲಿಯೇ ಬರುವವನು. ಇನ್ನು ಮೂರು ಮೈಲಿ ಹೆಚ್ಚಾದರೆ ಅವನಿಗೆ ನಷ್ಟವಿಲ್ಲ. ಬೆಂಗಳೂರಿನಲ್ಲಿ 2022ರಲ್ಲಿ ಬೈಯಪ್ಪನಹಳ್ಳಿಯ ವಿಶ್ವೇಶ್ವರಯ್ಯ ಟರ್ಮಿನಲ್ಲನ್ನು ತೆರೆದು ದೂರದ ಗಾಡಿಗಳನ್ನೇ ಎಷ್ಟೋ ಮಟ್ಟಿಗೆ ಅಲ್ಲಿಗೆ ಒಯ್ದರು. ಆ ಕ್ರಮವು ನ್ಯಾಯವಾದುದು. ಹೊರಗೆ ಹೋಗಬೇಕಾದುದು ಯಾವುದಾದರೂ ಇದ್ದರೆ ಉದ್ದನೆಯ ಗಾಡಿಯು ಹೋಗಲಿ, ಗಿಡ್ಡನೆಯದು ಊರೊಳಗೆ ಬರಲಿ.

ಕಟ್ಟಡವು ಹೊಸದಾದ ಮಾತ್ರಕ್ಕೆ ನಿಲ್ದಾಣವಾಗುವುದೂ ಇಲ್ಲ. ಎರಡು ವರ್ಷಗಳ ಕೆಳಗೆ ನನ್ನ ಅಕ್ಕನಿಗೆ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯಾಗಿ ನಾವಿಬ್ಬರೂ ಒಂದು ದೊಡ್ಡ ನಿಲ್ದಾಣಕ್ಕೆ ಬಂದೆವು. ಹೆಸರು ಬೇಡ. ಗಾಜಿನ ಗೋಡೆ, ಥಳಥಳಿಸುವ ನೆಲ, ಎಲ್ಲಿ ನೋಡಿದರೂ ಅಂಗಡಿ. ಗಾಡಿಗೆ ಹತ್ತು ನಿಮಿಷವಿರುವಾಗ ಪ್ಲಾಟ್‌ಫಾರಂ ಬದಲಾಯಿತೆಂದು ಕೂಗಿದರು. ಲಿಫ್ಟು ಕೆಟ್ಟಿದ್ದಿತು. ಒಂದು ಕಣ್ಣಿಗೆ ಪಟ್ಟಿ ಕಟ್ಟಿದ್ದ ಎಪ್ಪತ್ತೆರಡು ವರ್ಷದ ಅಕ್ಕನು ಮೆಟ್ಟಿಲುಗಳನ್ನು ಹತ್ತಿ, ನಡುವೆ ಉಸಿರು ಸಾಲದೆ ಅಲ್ಲಿಯೇ ಕುಳಿತಳು. ಗಾಡಿಯು ಹೋಯಿತು. ಮುಂದಿನ ಗಾಡಿಗೆ ಎರಡು ಗಂಟೆ. ಹುಡುಕಿದರೆ ಖಾಲಿ ಬೆಂಚೊಂದೂ ಇಲ್ಲ. ಕುಳಿತುಕೊಳ್ಳಬೇಕಾದರೆ ಹಣ ಕೊಟ್ಟು ಒಳಹೋಗುವ ಕೋಣೆಯೊಂದಿದ್ದಿತು. ಅಕ್ಕ ನನ್ನ ಕಡೆ ತಿರುಗಿ, “ನಿಲ್ದಾಣ ನಿಲ್ದಾಣ ಅಂತ ಮಕ್ಕಳಿಗೆ ಪಾಠ ಹೇಳ್ದೆಯಲ್ಲಪ್ಪ, ನಿಲ್ಲೋಕೆ ತಾಣ ಎಲ್ಲೈತೆ?” ಎಂದಳು. ಇಡೀ ವ್ಯಾಕರಣವೇ ನನ್ನ ಮೇಲೆ ಬಿದ್ದಂತಾಯಿತು.

ಪರಂಪರೆಯೆಂದರೆ ಕಟ್ಟಡವಲ್ಲವೆಂದು ಸಾಧಿಸಲು ನಾನು ಹೊರಟಿಲ್ಲ. ಕಟ್ಟಡವೂ ಬೇಕು. ಅಮೆರಿಕದ ನ್ಯೂಯಾರ್ಕಿನಲ್ಲಿ 1910ರಲ್ಲಿ ತೆರೆದ ಪೆನ್ಸಿಲ್ವೇನಿಯಾ ನಿಲ್ದಾಣದ ಭವ್ಯಮಂದಿರವನ್ನು 1963ರಲ್ಲಿ ಕೆಡವತೊಡಗಿ, ಆಮೇಲೆ ಆ ಊರಿನವರು ಪಟ್ಟ ಪಶ್ಚಾತ್ತಾಪದಿಂದಲೇ ಹಳೆಯ ಕಟ್ಟಡಗಳನ್ನು ಕಾಯುವ ಕಾನೂನು ಅಲ್ಲಿ ಹುಟ್ಟಿತು. ನಮ್ಮ ಮುಂಬಯಿಯ ದೊಡ್ಡ ನಿಲ್ದಾಣವಾದರೋ 2004ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿಯೂ, ನಿತ್ಯವೂ ಲಕ್ಷಾಂತರ ಜನರನ್ನು ಹತ್ತಿಸಿ ಇಳಿಸುತ್ತಲೇ ಇದೆ. ಪೂಜೆಗೂ ಕೆಲಸಕ್ಕೂ ವಿರೋಧವಿಲ್ಲ. ಶ್ರೀರಂಗಪಟ್ಟಣದಲ್ಲಿ ನಡೆದುದನ್ನಂತೂ ನಮ್ಮವರು ಹೆಮ್ಮೆಯಿಂದ ಹೇಳಬಹುದು. ಜೋಡಿಹಳಿಗೆ ಅಡ್ಡವಾಗಿದ್ದ ಟೀಪು ಕಾಲದ ಮದ್ದಿನ ಮನೆಯನ್ನು ಕೆಡವದೆ, ಬುಡದ ಕೆಳಗೆ ಉಕ್ಕಿನ ತೊಲೆಗಳನ್ನು ತೂರಿಸಿ, ಜ್ಯಾಕುಗಳಿಂದ ಎತ್ತಿ, ಸಾವಿರ ಟನ್ನಿನಷ್ಟು ತೂಕದ ಆ ಇಟ್ಟಿಗೆಯ ಕಟ್ಟಡವನ್ನು 2017ರ ಮಾರ್ಚಿಯಲ್ಲಿ ಇಡಿಯಾಗಿ ಪಕ್ಕಕ್ಕೆ ಸಾಗಿಸಿದರು. ಮನಸ್ಸಿದ್ದರೆ ಮಾರ್ಗವುಂಟೆಂಬುದಕ್ಕೆ ಇದಕ್ಕಿಂತ ನಿದರ್ಶನವಿಲ್ಲ. (ಗಾಡಿಗಳ, ನಿಲ್ದಾಣಗಳ ಹೆಸರು ಬದಲಾಯಿಸುವ ಜಗಳಕ್ಕೆ ಮಾತ್ರ ನನ್ನನ್ನು ಕರೆಯಬೇಡಿರಿ. ಹೆಸರು ಯಾವುದಾದರೂ ಗಾಡಿಯು ಹೊತ್ತಿಗೆ ಬರಲಿ.)

ಮೈಸೂರಿನ ನಿಲ್ದಾಣದ ಹತ್ತಿರವೇ 1979ರಲ್ಲಿ ಆರಂಭವಾದ ರೈಲು ವಸ್ತುಸಂಗ್ರಹಾಲಯವಿದೆ. ಮೊಮ್ಮಕ್ಕಳನ್ನು ಕರೆದುಕೊಂಡು ಹೋದವರೆಲ್ಲ ಅಲ್ಲಿ 1899ರ ಮಹಾರಾಣಿಯವರ ಸಲೂನು ಗಾಡಿಯನ್ನು ನೋಡಿರುತ್ತಾರೆ. ಅಡುಗೆಯ ಏರ್ಪಾಡು, ಊಟದ ಏರ್ಪಾಡು, ಎಲ್ಲವೂ ಗಾಲಿಗಳ ಮೇಲೆಯೇ. ನನ್ನ ಮೊಮ್ಮಗಳು ಅದನ್ನು ಸುತ್ತಿ ಸುತ್ತಿ ನೋಡಿ, “ತಾತ, ನಿಮ್ಮಜ್ಜಿ ಎಲ್ಲಿ ಕೂತ್ಕೋತಿದ್ರು?” ಎಂದು ಕೇಳಿದಳು. ಹಲಗೆಯ ಮೇಲೆ ಎಂದೆನು. “ಅವರ ತಾತ?” ಎಂದಳು. ಅವನು ಗಾಡಿಯಲ್ಲಿ ಕುಳಿತಿದ್ದನೋ ಇಲ್ಲವೋ, ಗಾಡಿ ಹೋಗುವ ಏರಿಯನ್ನು ಹಾಕಿದನು ಎಂದೆನು. ಮಗುವು ಕಿಟಕಿಯ ಸುತ್ತ ಹುಡುಕಿ, ಅವನ ಹೆಸರು ಎಲ್ಲಿ ಬರೆದಿದ್ದಾರೆ ಎಂದು ಕೇಳಿತು.

ಆ ಪ್ರಶ್ನೆಯನ್ನು ಇಟ್ಟುಕೊಂಡೇ ನಾನು ಈಚೆಗೆ ರೈಲ್ವೆಯ ಅಧಿಕಾರಿಗಳಿಗೆ ಕನ್ನಡದಲ್ಲಿ ಒಂದು ಪತ್ರವನ್ನು ಬರೆದಿದ್ದೇನೆ. ಅದರಲ್ಲಿ ಮೂರು ಬೇಡಿಕೆಗಳಿವೆ. ಹೊಸದಾಗಿ ಏನೇ ಕಟ್ಟಿದರೂ ಹಣವಿಲ್ಲದೆ ಕುಳಿತುಕೊಳ್ಳಬಹುದಾದ ಬೆಂಚುಗಳು ಪ್ರತಿಯೊಂದು ಪ್ಲಾಟ್‌ಫಾರಮಿನ ಮೇಲೂ ಇರಲಿ, ಮೆಟ್ಟಿಲ ಜೊತೆಗೆ ಇಳಿಜಾರು ದಾರಿಯೂ ಇರಲಿ ಎಂಬುದು ಒಂದು. ಲಿಫ್ಟು ಕೆಡಬಹುದು, ಇಳಿಜಾರು ಕೆಡಲಾರದು. ಮದ್ದೂರು ಮಂಡ್ಯಗಳ ಗಾಡಿಗಳು ಎಂದೆಂದಿಗೂ ಗುಮ್ಮಟದ ವರೆಗೆ ಬರಲಿ ಎಂಬುದು ಇನ್ನೊಂದು. ನಿಲ್ದಾಣದ ಮುಂಭಾಗದಲ್ಲಿ, ಶಂಕುಸ್ಥಾಪನೆ ಉದ್ಘಾಟನೆಗಳ ಕಲ್ಲುಗಳ ಪಕ್ಕದಲ್ಲಿ, ಧಾತು ಈಶ್ವರ ಸಂವತ್ಸರಗಳ ಬರದಲ್ಲಿ ಈ ಮಾರ್ಗಕ್ಕೆ ಮಣ್ಣು ಹೊತ್ತವರನ್ನು ನೆನೆದು ಒಂದು ಕಲ್ಲನ್ನು ನಿಲ್ಲಿಸಲಿ, ಹೆಸರುಗಳು ಸಿಕ್ಕದಿದ್ದರೆ ಸಂವತ್ಸರವನ್ನೇ ಬರೆಯಲಿ ಎಂಬುದು ಮೂರನೆಯದು.

ನೆರೆಮನೆಯ ಗೃಹಸ್ಥರಿಗೆ ಆ ಪತ್ರವನ್ನು ಓದಿ ಹೇಳಿದೆನು. ಎಲ್ಲವನ್ನೂ ಕೇಳಿ, “ಕಲ್ಲು ನಿಲ್ಸೋ ವಿಷ್ಯ ಇರ್ಲಿ ಮೇಷ್ಟ್ರೇ, ಆ ಕಲ್ಲಿನ್ ಪಕ್ಕ ಒಂದ್ ಕುಡಿಯೋ ನೀರಿನ್ ನಲ್ಲೀನೂ ಬರೀರಿ” ಎಂದರು. ಲಕೋಟೆಯನ್ನು ಅಂಟಿಸಿಯಾಗಿದ್ದಿತು. ಒಡೆದು ಸೇರಿಸಿ, ಮರುದಿನ ಟಪಾಲಿಗೆ ಹಾಕಿದೆನು. ಉತ್ತರ ಬಂದರೆ ಇದೇ ಅಂಕಣದಲ್ಲಿ ವಾಚಕರಿಗೆ ತಿಳಿಸುವೆನು.